ದೇವರ ಹತ್ರ ಮನೆಮಾತಲ್ಲಿ ಮಾತಾಡೋದು ಹೇಗೆ

ಸಭೆಯಲ್ಲಿ ಯಾರಾದ್ರೂ "ಬ್ರದರ್, ಪ್ರಾರ್ಥನೆ ನಡೆಸಿ" ಅಂದ್ರೆ ಸಾಕು, ನಾನು ಕಣ್ಣು ಮುಚ್ಚಿ ಹತ್ತು ನಿಮಿಷ ನಿಲ್ಲಿಸದೆ ಮಾಡ್ತಿದ್ದೆ. "ಸರ್ವಶಕ್ತನಾದ ಪರಲೋಕದ ತಂದೆಯೇ, ಈ ಸಾಯಂಕಾಲದ ವೇಳೆಯಲ್ಲಿ ನಿನ್ನ ಸನ್ನಿಧಾನಕ್ಕೆ ಬಂದಿರುವ ನಿನ್ನ ಮಕ್ಕಳನ್ನು..." ಅಂತ ಒಂದ್ಸಲ ಶುರುವಾದ್ರೆ ಮುಗೀತು, ಆಮೆನ್ ಸ್ಟೇಷನ್ ಬರೋವರೆಗೂ ಬ್ರೇಕೇ ಇಲ್ಲ. ಮುಗಿದ್ಮೇಲೆ ನಾಲ್ಕು ಜನ ಬಂದು ಕೈ ಕುಲುಕಿ "ಒಳ್ಳೆ ಪ್ರಾರ್ಥನೆ" ಅನ್ನೋರು. ಅದೇ ನಾನು ಮನೇಲಿ ಒಬ್ನೇ ರೂಮಲ್ಲಿ ಮೊಣಕಾಲೂರಿದ್ರೆ ಎರಡನೇ ನಿಮಿಷಕ್ಕೇ ಮಾತು ಖಾಲಿ, ಮೂರನೇ ನಿಮಿಷಕ್ಕೆ ಕರೆಂಟ್ ಬಿಲ್ ನೆನಪಾಗೋದು, ನಾಲ್ಕನೇ ನಿಮಿಷಕ್ಕೆ ಫೋನ್ ಕೈಯಲ್ಲಿರೋದು. ಹೀಗೇ ವರ್ಷಗಟ್ಟಲೆ ನಡೀತು. ಆಮೇಲೆ ಒಂದಿನ ಹೊಳೀತು, ನಾನು ದೇವರ ಬಗ್ಗೆ ಜನಕ್ಕೆ ಭಾಷಣ ಮಾಡೋದು ಕಲಿತಿದೀನಿ, ದೇವರ ಹತ್ರ ಮಾತಾಡೋದು ಕಲಿತೇ ಇಲ್ಲ ಅಂತ.

ಇದನ್ನ ಬರೀತಿರೋದು ಅಂಥವರಿಗೆ. ಹುಟ್ಟಿದಾಗಿಂದ ಚರ್ಚಿಗೆ ಹೋಗ್ತಿರೋರು, ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠದ ವಾಕ್ಯ ಹೇಳಿ ಪ್ರೈಜ್ ತಗೊಂಡೋರು, ಆದ್ರೆ "ದೇವರು ನನಗೆ ಗೊತ್ತು" ಅಂತ ಎದೆ ಮೇಲೆ ಕೈ ಇಟ್ಟು ಹೇಳಕ್ಕೆ ಅಳುಕೋರು. ಹೊಸದಾಗಿ ನಂಬಿಕೆಗೆ ಬಂದೋರಿಗೂ ಆಗುತ್ತೆ, ಬಿಡಬೇಕಾದ ಹಳೇ ಅಭ್ಯಾಸ ಇಲ್ಲದಿರೋದ್ರಿಂದ ಅವರಿಗೆ ಇನ್ನೂ ಸುಲಭ.

ಮೊದಲು ಬೈಬಲಲ್ಲಿ ಲೂಕ 15 ತೆಗೀರಿ, ಅಪ್ಪನ ಆಸ್ತೀಲಿ ಪಾಲು ತಗೊಂಡು ಮನೆ ಬಿಟ್ಟು ಹೋಗಿ ಎಲ್ಲ ಕಳ್ಕೊಂಡ ಮಗನ ಕಥೆ. ನೂರು ಸಲ ಕೇಳಿರ್ತೀರ, ಆದ್ರೂ 19ನೇ ವಚನ ಮತ್ತು 21ನೇ ವಚನ ಪಕ್ಕ ಪಕ್ಕ ಇಟ್ಟು ನೋಡಿ. ಹಂದಿ ಮೇಯಿಸೋ ಜಾಗದಲ್ಲಿ ಕೂತು ಆ ಹುಡುಗ ಅಪ್ಪನಿಗೆ ಏನು ಹೇಳ್ಬೇಕು ಅಂತ ಒಂದು ಮಾತು ರೆಡಿ ಮಾಡ್ಕೋತಾನೆ, ನಾನು ಪಾಪ ಮಾಡಿದೀನಿ, ನಿನ್ನ ಮಗ ಅನ್ನಿಸ್ಕೊಳ್ಳೋ ಯೋಗ್ಯತೆ ಇಲ್ಲ, ನನ್ನನ್ನ ಒಬ್ಬ ಕೂಲಿಯವನ ಹಾಗೆ ಇಟ್ಕೋ ಅಂತ. ಮನೆ ಹತ್ರ ಬಂದು ಆ ಮಾತು ಹೇಳಕ್ಕೆ ಶುರು ಮಾಡ್ತಾನೆ, ಆದ್ರೆ ಕೂಲಿಯವನ ಸಾಲು ಬರೋ ಅಷ್ಟರಲ್ಲಿ ಅಪ್ಪ ಆಳುಗಳನ್ನ ಕೂಗಿ ನಿಲುವಂಗಿ ತನ್ನಿ, ಉಂಗುರ ತನ್ನಿ, ಜೋಡು ತನ್ನಿ ಅಂತಿದಾನೆ. ಅಪ್ಪ ಆಗ್ಲೇ ಓಡಿಬಂದು ತಬ್ಕೊಂಡಾಗಿದೆ, ಮಗ ಇನ್ನೂ ದೂರದಲ್ಲಿದ್ದಾಗ್ಲೇ. ಇದನ್ನ ಮೊದಲು ಯಾಕೆ ಹೇಳಿದೆ ಅಂದ್ರೆ, ದೇವರ ಜೊತೆ ಸಂಬಂಧ "ಬೆಳೆಸೋದು" ಅಂದ ತಕ್ಷಣ ನಮ್ಮ ತಲೇಲಿ ಅದೊಂದು ಪ್ರಾಜೆಕ್ಟ್ ಆಗಿಬಿಡುತ್ತೆ, ನಾನು ಇಷ್ಟು ಗಂಟೆ ಪ್ರಾರ್ಥನೆ ಮಾಡಿದ್ರೆ ಅವನು ಇಷ್ಟು ಹತ್ರ ಬರ್ತಾನೆ ಅನ್ನೋ ಲೆಕ್ಕ. ಹಾಗಿಲ್ಲ. ಓಡಿ ಬರೋದು ಅವನ ಕಡೆಯಿಂದ ಶುರುವಾಗಿದೆ, ನೀವು ಆ ಕಡೆ ಮುಖ ತಿರುಗಿಸಿದ್ರೆ ಆಯ್ತು.

ಈಗ ಭಾಷೆ ವಿಷಯ. ನನ್ನ ಪ್ರಕಾರ ಕನ್ನಡದವರಿಗೆ ಅರ್ಧ ಅಡ್ಡಿ ಇಲ್ಲೇ ಇರೋದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಕೆಲಸದಿಂದ 1831ರ ಹೊತ್ತಿಗೇ ಕನ್ನಡದಲ್ಲಿ ಪೂರ್ತಿ ಬೈಬಲ್ ಬಂತು, ಅಲ್ಲಿಂದ ಇಲ್ಲಿವರೆಗೆ ನಮ್ಮ ಕೀರ್ತನೆ, ಆರಾಧನೆ, ಪ್ರಸಂಗ ಎಲ್ಲದಕ್ಕೂ ಒಂದು ಗ್ರಂಥದ ಕನ್ನಡ ಬೆಳೆದುಬಿಟ್ಟಿದೆ. ಅದು ಚೆನ್ನಾಗಿದೆ, ನನಗೂ ಇಷ್ಟ, "ಯೆಹೋವನು ನನಗೆ ಕುರುಬನು" ಅಂದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ. ಆದ್ರೆ ಮನೇಲಿ "ಅಮ್ಮಾ, ಹೊಟ್ಟೆ ಹಸೀತಿದೆ" ಅನ್ನೋ ಬಾಯಲ್ಲಿ ದೇವರ ಹತ್ರ ಹೋದ ತಕ್ಷಣ "ನನ್ನ ಕೊರತೆಗಳನ್ನು ನೀಗಿಸುವವನಾಗು" ಬರುತ್ತಲ್ಲ, ಅದರಲ್ಲಿ ನಾವೇ ಕಳೆದುಹೋಗ್ತೀವಿ. ಮಜಾ ಏನಂದ್ರೆ ಅದೇ ಗ್ರಂಥದ ಕನ್ನಡದಲ್ಲಿ ದೇವರನ್ನ ಕರೆಯೋದು "ನೀನು" ಅಂತ. ಮಾರ್ಕ 14ರಲ್ಲಿ ಗೆತ್ಸೇಮನೆ ತೋಟದಲ್ಲಿ ಯೇಸು ನೆಲಕ್ಕೆ ಬಿದ್ದು ಪ್ರಾರ್ಥನೆ ಮಾಡುವಾಗ ಬಾಯಿಂದ ಬಂದ ಅರಮೇಯ ಮಾತು "ಅಬ್ಬಾ", ನಮ್ಮ ಕನ್ನಡ ಬೈಬಲ್ ಸತ್ಯವೇದದಲ್ಲಿ ಅದು "ಅಪ್ಪಾ" ಅಂತಲೇ ಇದೆ. ಬೇರೆ ಎಷ್ಟೋ ಭಾಷೆಯವರಿಗೆ ಅದನ್ನ ವಿವರಿಸ್ಬೇಕು, ನಮಗೆ ಓದಿದ್ರೆ ಸಾಕು.

ಹಾಗಾಗಿ ಮೊದಲನೇ ಅಭ್ಯಾಸ ಇದು: ಒಂದು ವಾರ, ಒಬ್ರೇ ಇದ್ದಾಗ, ಮನೆಮಾತಲ್ಲಿ ಮಾತ್ರ ಪ್ರಾರ್ಥನೆ ಮಾಡಿ. ತುಳು ಮನೆಯವರು ತುಳುವಿನಲ್ಲಿ, ಕೊಂಕಣಿಯವರು ಕೊಂಕಣಿಯಲ್ಲಿ, ಹುಬ್ಬಳ್ಳಿ ಕಡೆಯವರು "ಯಪ್ಪಾ, ಇವತ್ತ ಭಾಳ ತ್ರಾಸ ಆಗೇತಿ" ಅಂತ. ಬಾಯಿಬಿಟ್ಟು ಹೇಳಿ, ಮೆಲ್ಲಗಾದ್ರೂ ಪರವಾಗಿಲ್ಲ, ಮನಸ್ಸಲ್ಲೇ ಅಂದ್ಕೊಂಡ್ರೆ ನನ್ನಂಥವರ ತಲೆ ಎಲ್ಲೆಲ್ಲೋ ಹೋಗುತ್ತೆ. ಮೊದಮೊದಲು ನಾಚಿಕೆ ಆಗುತ್ತೆ, ಗೋಡೆ ಹತ್ರ ಮಾತಾಡ್ತಿದೀನೇನೋ ಅನ್ಸುತ್ತೆ. ನನಗೆ ಸುಮಾರು ನಾಲ್ಕನೇ ದಿನ, "ಆಫೀಸಲ್ಲಿ ಅವನ ಕಂಡ್ರೆ ನನಗೆ ಹೊಟ್ಟೆಕಿಚ್ಚು, ಅದು ನಿನಗೂ ಗೊತ್ತು" ಅಂತ ಬಾಯಿಂದ ಜಾರಿಬಿಡ್ತು. ಹತ್ತು ನಿಮಿಷದ ಸಭೆ ಪ್ರಾರ್ಥನೆಗಳಲ್ಲಿ ಒಂದ್ಸಲವೂ ಅಷ್ಟು ನಿಜ ಹೇಳಿರಲಿಲ್ಲ.

ಟೈಮು, ಜಾಗ. ಯೇಸು ಇನ್ನೂ ಕತ್ತಲಿರುವಾಗ್ಲೇ ಎದ್ದು ಒಬ್ನೇ ನಿರ್ಜನ ಜಾಗಕ್ಕೆ ಹೋದ ಅಂತ ಮಾರ್ಕ 1:35 ಹೇಳುತ್ತೆ, ಮತ್ತಾಯ 6:6ರಲ್ಲಿ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಮಾತಾಡು ಅಂತಾನೆ. ಒಂದು ಬಿಎಚ್‌ಕೆ ಮನೇಲಿ ಐದು ಜನ ಇರೋರಿಗೆ ಕೋಣೆ ಎಲ್ಲಿಂದ ಬರ್ಬೇಕು. ಟೆರೇಸ್ ಇದೆ, ವಾಟರ್ ಟ್ಯಾಂಕ್ ಹಿಂದೆ ಜಾಗ ಇದೆ, ಬೈಕ್ ಸ್ಟಾರ್ಟ್ ಮಾಡೋಕೆ ಮುಂಚೆ ಪಾರ್ಕಿಂಗಲ್ಲಿ ಐದು ನಿಮಿಷ ಇದೆ, ಬಸ್ಸಿನ ಕಿಟಕಿ ಸೀಟಿದೆ. ಬೆಳಗ್ಗೇನೇ ಆಗ್ಬೇಕು ಅಂತ ಹಠ ಬೇಡ, ನೈಟ್ ಶಿಫ್ಟ್ ಮಾಡೋರಿಗೆ, ಎಳೇ ಮಗು ಇರೋ ತಾಯಂದಿರಿಗೆ ಐದು ಗಂಟೆ ಅಲಾರಂ ಇಡಿ ಅನ್ನೋದು ಕ್ರೂರ. ಆದ್ರೆ ದಿನಾ ಒಂದೇ ಹೊತ್ತು, ಒಂದೇ ಜಾಗ ಇದ್ರೆ ಒಳ್ಳೇದು, ಆ ಜಾಗಕ್ಕೆ ಹೋದ್ರೆ ಮನಸ್ಸು ತಾನೇ ಕೂತ್ಕೊಳ್ಳುತ್ತೆ. ಹತ್ತು ನಿಮಿಷದಿಂದ ಶುರು ಮಾಡಿ. ಒಂದು ಗಂಟೆ ಅಂತ ಶಪಥ ಮಾಡಿ ಮೂರನೇ ದಿನಕ್ಕೆ ಕೈಬಿಟ್ಟವರನ್ನ ನಾನು ಕನ್ನಡಿಯಲ್ಲೇ ನೋಡಿದೀನಿ. ಫೋನ್ ಇನ್ನೊಂದು ರೂಮಲ್ಲಿರ್ಲಿ, ಬೈಬಲ್ ಆ್ಯಪಲ್ಲೇ ಓದೋರಾದ್ರೆ ಫ್ಲೈಟ್ ಮೋಡ್ ಹಾಕಿ. ಯೂವರ್ಷನ್ ಆ್ಯಪಲ್ಲಿ ಕನ್ನಡ ಅನುವಾದಗಳು ಫ್ರೀಯಾಗಿ ಸಿಗುತ್ತೆ, ಹಳೇ ಭಾಷೆ ತೊಡಕಾದ್ರೆ ಸರಳ ಅನುವಾದ ಪಕ್ಕದಲ್ಲಿಟ್ಕೊಂಡು ಓದಿ, ಅದರಲ್ಲಿ ಪಾಪ ಏನೂ ಇಲ್ಲ.

ಓದೋದು ಎಲ್ಲಿಂದ? ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡದ ಬಲಿಗಳ ಲೆಕ್ಕದಲ್ಲಿ ಸಿಕ್ಕಾಕೊಂಡು ಫೆಬ್ರವರಿಗೆ ನಿಲ್ಲಿಸೋದು ನಮ್ಮ ಕಡೆ ಪ್ರತಿ ಹೊಸ ವರ್ಷದ ಸಂಪ್ರದಾಯ. ನೀವು ಮಾರ್ಕನಿಂದ ಶುರು ಮಾಡಿ. ಬರೀ 16 ಅಧ್ಯಾಯ, ದಿನಕ್ಕೆ ಅರ್ಧ ಅಧ್ಯಾಯ ಓದಿದ್ರೂ ಒಂದು ತಿಂಗಳು ಚಿಲ್ಲರೆ. ಯಾರನ್ನ ಪರಿಚಯ ಮಾಡ್ಕೋಬೇಕೋ ಅವರು ಹೇಗೆ ನಡ್ಕೊಂಡ್ರು, ಯಾವಾಗ ಕೋಪ ಬಂತು, ಯಾವಾಗ ಸುಸ್ತಾಯ್ತು ಅಂತ ನೋಡದೆ ಪರಿಚಯ ಆಗಲ್ಲ.

ಹೇಗೆ ಓದ್ಬೇಕು ಅಂತ ಒಂದು ತೋರಿಸ್ತೀನಿ. ಮಾರ್ಕ 4:35ರಿಂದ 41, ಏಳೇ ವಚನ, ಬಿರುಗಾಳಿ ಕಥೆ. ಒಂದ್ಸಲ ಸುಮ್ನೆ ಓದಿ. ಎರಡನೇ ಸಲ ನಿಧಾನಕ್ಕೆ, ನೀವೂ ಆ ದೋಣೀಲಿ ಕೂತಿದೀರ ಅನ್ನೋ ಹಾಗೆ ಓದಿ. ಸಂಜೆ ಹೊತ್ತು, ಇಡೀ ದಿನ ಜನಕ್ಕೆ ಬೋಧನೆ ಮಾಡಿ ಯೇಸುಗೆ ಸುಸ್ತಾಗಿದೆ. ಅಲೆ ದೋಣಿಯೊಳಗೆ ಹೊಡೆದು ನೀರು ತುಂಬ್ತಾ ಇದೆ. ಅವನು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ದೆ ಮಾಡ್ತಿದಾನೆ. ಈ ಕಥೆ ಮತ್ತಾಯನಲ್ಲೂ ಇದೆ ಲೂಕನಲ್ಲೂ ಇದೆ, ದಿಂಬು ಇರೋದು ಮಾರ್ಕನಲ್ಲಿ ಮಾತ್ರ. ಆ ದಿಂಬಿನ ಹತ್ರ ನಾನು ಒಂದು ವಾರ ನಿಂತಿದ್ದೆ. ನನ್ನ ಮನೆಗೆ ನೀರು ನುಗ್ಗುವಾಗ ಇವನಿಗೆ ದಿಂಬು ಬೇರೆ ಬೇಕಾ ಅಂತ ಸಿಟ್ಟು ಬಂದಿತ್ತು. ಆಮೇಲೆ ಶಿಷ್ಯರು ಎಬ್ಬಿಸಿ ಹೇಳೋ ಮಾತು ನೋಡಿ, ಗುರುವೇ, ನಾವು ಸಾಯ್ತಿದೀವಿ, ನಿನಗೆ ಚಿಂತೇನೇ ಇಲ್ವಾ ಅಂತಾರೆ. ಸ್ತೋತ್ರ ಇಲ್ಲ, ಸರ್ವಶಕ್ತನೇ ಇಲ್ಲ, ನೇರ ಜಗಳ. ಅವನು ಅದಕ್ಕೆ "ಮೊದಲು ಸರಿಯಾಗಿ ಮಾತಾಡೋದು ಕಲೀರಿ" ಅನ್ನಲ್ಲ, ಎದ್ದು ಮೊದಲು ಗಾಳಿ ನಿಲ್ಲಿಸ್ತಾನೆ, ನಂಬಿಕೆ ವಿಷಯ ಎತ್ತೋದು ಆಮೇಲೆ. ಇನ್ನೊಂದು, ಗಾಳಿ ನಿಂತ ಮೇಲೆ ಶಿಷ್ಯರ ಭಯ ಜಾಸ್ತಿ ಆಗುತ್ತೆ, ಇವನು ಯಾರಪ್ಪಾ ಅಂತ. ದೇವರು ಹತ್ರ ಬಂದ್ರೆ ಬರೀ ಹಿತವಾಗೇ ಇರುತ್ತೆ ಅನ್ಕೊಂಡಿದ್ದ ನನಗೆ ಅದೊಂದು ಎಚ್ಚರಿಕೆ.

ಹೀಗೆ ಓದಿ ಎಲ್ಲಿ ಮನಸ್ಸು ಚುಚ್ಚುತ್ತೋ ಅಲ್ಲಿ ನಿಲ್ಲಿಸಿ, ಆ ಮಾತನ್ನೇ ಹಿಡ್ಕೊಂಡು ದೇವರ ಹತ್ರ ಮಾತಾಡಿ, ಆಮೇಲೆ ಎರಡು ನಿಮಿಷ ಸುಮ್ನಿರಿ. ಓದೋದು, ಮೆಲುಕು ಹಾಕೋದು, ಪ್ರಾರ್ಥಿಸೋದು, ಸುಮ್ನಿರೋದು, ಈ ನಾಲ್ಕು ಮೆಟ್ಟಿಲನ್ನ 12ನೇ ಶತಮಾನದಲ್ಲೇ ಎರಡನೇ ಗೀಗೋ ಅನ್ನೋ ಒಬ್ಬ ಸಂನ್ಯಾಸಿ ಬರೆದಿಟ್ಟಿದಾನೆ, ನಮ್ಮಲ್ಲಿ ಶರಣರಿದ್ದ ಅದೇ ಶತಮಾನ. ಹಸು ಮೇವು ತಿಂದು ನೆರಳಲ್ಲಿ ಕೂತು ಮೆಲುಕು ಹಾಕೋದನ್ನ ನೋಡಿದವರಿಗೆ ಇದಕ್ಕೆ ವಿವರಣೆ ಬೇಕಿಲ್ಲ.

ಏನು ಮಾತಾಡ್ಬೇಕು ಅಂತ ತೋಚದ ದಿನಕ್ಕೆ ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಇದೆ. ಅದನ್ನ ಗಡಗಡ ಮುಗಿಸ್ಬೇಡಿ, ಒಂದೊಂದು ಸಾಲಿಗೂ ನಿಲ್ಲಿಸಿ ನಿಮ್ಮ ಮಾತು ಸೇರಿಸಿ. "ಅನುದಿನದ ಆಹಾರ" ಅಂದಾಗ ಈ ತಿಂಗಳ ಇಎಂಐ, ಮಗಳ ಫೀಸು, ಅತ್ತೆ ಮಾತ್ರೆ ಖರ್ಚು ಹೇಳಿ. ಅದರಲ್ಲಿ ಎಲ್ಲೂ "ನನ್ನ" ಇಲ್ಲ, ಇರೋದೆಲ್ಲ "ನಮ್ಮ", ಅದಕ್ಕೆ ಪಕ್ಕದ ಮನೆಯವರ ಅನ್ನವೂ ಅದರಲ್ಲಿ ಬರುತ್ತೆ. "ಕ್ಷಮಿಸು" ಅನ್ನೋ ಸಾಲಲ್ಲಿ ಮಾತ್ರ ಹುಷಾರು, ಅಲ್ಲಿ ಒಂದು ಹೆಸರು ನೆನಪಿಗೆ ಬಂದೇ ಬರುತ್ತೆ. ನನಗೂ ಬಂತು, ಅದನ್ನ ಕೊನೇಲಿ ಹೇಳ್ತೀನಿ.

ಸಿಟ್ಟು, ದುಃಖ ಇರೋ ದಿನಕ್ಕೆ ಕೀರ್ತನೆಗಳು. ಒಟ್ಟು 150 ಇದೆ, ನಮಗೆ ಗೊತ್ತಿರೋದು 23, 91, 121 ಅಷ್ಟೇ, ಕ್ಯಾಲೆಂಡರಲ್ಲಿ ಬರೋವು. 13ನೇ ಕೀರ್ತನೆ ಓದಿ, ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳ್ತಾನೆ. 88 ಇನ್ನೂ ಕಷ್ಟ, ಕೊನೇಲೂ ಬೆಳಕಿಲ್ಲ, ಕತ್ತಲಲ್ಲೇ ಮುಗಿಯುತ್ತೆ. ಅಂಥದ್ದೂ ಬೈಬಲ್ ಒಳಗೆ ಪ್ರಾರ್ಥನೆ ಅಂತಲೇ ಉಳ್ಕೊಂಡಿದೆ ಅಂದ್ರೆ ನಿಮ್ಮ ದೂರಿಗೂ ಜಾಗ ಇದೆ ಅಂತ ಅರ್ಥ. "ಹಾಗೆಲ್ಲ ದೇವರನ್ನ ಕೇಳಬಾರದು" ಅನ್ನೋ ಹಿರಿಯರಿಗೆ 88 ತೆರೆದು ತೋರಿಸಿ, ಮರ್ಯಾದೆಯಿಂದ.

ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಕೊಳ್ಳಿ. ಎಡಗಡೆ ಪೇಜಲ್ಲಿ ತಾರೀಖು ಹಾಕಿ ಏನು ಕೇಳಿದ್ರಿ ಅಂತ ಒಂದು ಸಾಲು, ಬಲಗಡೆ ಖಾಲಿ ಬಿಡಿ. ಏನಾದ್ರೂ ಆದಾಗ ಬಲಗಡೆ ಬರೀರಿ. ನನ್ನ ಬುಕ್ಕಲ್ಲಿ ಬಲಗಡೆ ಇನ್ನೂ ಎಷ್ಟೋ ಜಾಗ ಖಾಲಿ ಇದೆ, ಕೆಲವು ಕಡೆ "ಇಲ್ಲ" ಅಂತ ಬರ್ದಿದೀನಿ, ಒಂದು ಕಡೆ "ಪುಣ್ಯ, ಕೊಡಲಿಲ್ಲ" ಅಂತಲೂ ಇದೆ. ಸಾಕ್ಷಿ ಹೇಳುವಾಗ ಬಲಗಡೆ ತುಂಬಿರೋದನ್ನ ಮಾತ್ರ ಹೇಳ್ತೀವಲ್ಲ, ಅದರಿಂದ ಹೊಸಬರಿಗೆ ತುಂಬ ತೊಂದರೆ ಆಗುತ್ತೆ ಅಂತ ನನಗನ್ಸುತ್ತೆ.

ರಾತ್ರಿ ಮಲಗೋಕೆ ಮುಂಚೆ ಐದು ನಿಮಿಷ ಇಡೀ ದಿನವನ್ನ ದೇವರ ಜೊತೆ ಕೂತು ಹಿಂದಕ್ಕೆ ತಿರುಗಿಸಿ ನೋಡಿ. ಈ ಅಭ್ಯಾಸ ಇಗ್ನೇಷಿಯಸ್ ಲೊಯೋಲಾ ಕಲಿಸಿದ್ದು. ಅವನು ಸ್ಪೇನಿನ ಸೈನಿಕ, 1521ರಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರ್ಕೊಂಡು ಹಾಸಿಗೇಲಿ ಬಿದ್ದಾಗ ಬದಲಾದವನು, 1540ರಲ್ಲಿ ಜೆಸ್ವಿಟ್ ಸಂಘ ಶುರು ಮಾಡಿದ್ದು ಅವನೇ, ನಮ್ಮ ಮಂಗಳೂರಿನ ಅಲೋಶಿಯಸ್ ಕಾಲೇಜು ಅದೇ ಸಂಘದವರದು. ನಾವು ಸಿಎಸ್‌ಐನವರು, ಅಂದ್ರೆ ದಕ್ಷಿಣ ಭಾರತ ಸಭೆಯ ಪ್ರಾಟೆಸ್ಟೆಂಟರು, ನಮಗೆ ಕ್ಯಾಥೊಲಿಕರ ಪದ್ಧತಿ ಯಾಕೆ ಅನ್ಬೇಡಿ, ಒಳ್ಳೆ ಅಡುಗೆ ಯಾರ ಮನೇದಾದ್ರೇನು. ಎಲ್ಲಿ ಖುಷಿ ಆಯ್ತು, ಎಲ್ಲಿ ಬಾಯಿ ಜೋರಾಯ್ತು, ಯಾವ ಹೊತ್ತಲ್ಲಿ ದೇವರು ಪಕ್ಕದಲ್ಲೇ ಇದ್ದ ಅನ್ನಿಸ್ತು, ಯಾವಾಗ ನಾನೇ ಮುಖ ತಿರುಗಿಸಿದೆ, ನಾಳೆಗೆ ಏನು ಬೇಕು. ಅಷ್ಟೇ. ಮಧ್ಯದಲ್ಲೇ ನಿದ್ದೆ ಬಂದ್ರೆ ಬರ್ಲಿ ಬಿಡಿ.

ಉಳಿದ ಹೊತ್ತು ಏನು ಮಾಡೋದು? ಇದಕ್ಕೆ ನಮ್ಮಜ್ಜಿ ಒಬ್ರೇ ಸಾಕು. ಮೊರದಲ್ಲಿ ಅಕ್ಕಿ ಹಾಕ್ಕೊಂಡು ಜಗಲಿ ಮೇಲೆ ಕಲ್ಲು ಆರಿಸ್ತಾ ಕೂತ್ರೆ, ಒಂದು ಕಲ್ಲು ತೆಗೆದು ಪಕ್ಕಕ್ಕೆ ಎಸೆದ ಹಾಗೆ ಒಂದೊಂದು ಹೆಸರು. "ದೊಡ್ಡವನ ಕುಡಿತ ಬಿಡ್ಸಪ್ಪಾ", ಟಕ್, ಒಂದು ಕಲ್ಲು. "ಆ ಹುಡುಗಿಗೆ ಹೆರಿಗೆ ಸಲೀಸಾಗ್ಲಿ", ಟಕ್. ಮಧ್ಯೆ ಕೋಳಿ ಬಂದ್ರೆ "ಹುಶ್" ಅಂದು ಮತ್ತೆ ಅಲ್ಲಿಂದ್ಲೇ ಮುಂದುವರಿಸೋರು, ಆಮೆನ್ ಅಂದಿದ್ದು ನಾನು ಕೇಳೇ ಇಲ್ಲ. 17ನೇ ಶತಮಾನದ ಪ್ಯಾರಿಸ್ಸಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರು ಮಠದ ಅಡುಗೆಮನೇಲಿ ಪಾತ್ರೆಗಳ ಸದ್ದಿನ ಮಧ್ಯೆ ಇದೇ ಥರ ದೇವರ ಜೊತೆ ಮಾತಾಡ್ಕೊಂಡು ಬದುಕಿದ್ರು ಅಂತ ಓದಿದಾಗ ನನಗೆ ಆಶ್ಚರ್ಯ ಆಗ್ಲಿಲ್ಲ, ನಾನು ಚಿಕ್ಕವನಿದ್ದಾಗ್ಲೇ ನೋಡಿದ್ದೆ. ಅಕ್ಕಿ ಈಗ ಕಲ್ಲಿಲ್ಲದೆ ಪ್ಯಾಕೆಟ್ಟಲ್ಲಿ ಬರುತ್ತೆ, ಹಾಗಾಗಿ ನಾನು ಸಿಗ್ನಲ್ ಇಟ್ಕೊಂಡಿದೀನಿ. ಕೆಂಪು ದೀಪ ಬಿದ್ದಾಗೆಲ್ಲ ಒಬ್ಬರ ಹೆಸರು. ಬೆಂಗಳೂರಲ್ಲಿರೋರಿಗೆ ಸಂಬಂಧಿಕರೆಲ್ಲ ಮುಗಿದು ಪಕ್ಕದ ಆಟೋ ಡ್ರೈವರ್‌ವರೆಗೂ ಬರುತ್ತೆ.

ಒಣಗಿದ ದಿನಗಳು ಬಂದೇ ಬರುತ್ತೆ. ಓದಿದ್ರೆ ಅಕ್ಷರ ಮಾತ್ರ ಕಾಣುತ್ತೆ, ಪ್ರಾರ್ಥನೆ ಚಾವಣಿಗೆ ಬಡಿದು ವಾಪಸ್ ಬಂದ ಹಾಗಿರುತ್ತೆ. ಪಾಪ ಏನಾದ್ರೂ ಮುಚ್ಚಿಟ್ಟಿದೀನಾ ಅಂತ ಒಂದ್ಸಲ ನೋಡ್ಕೊಳ್ಳಿ, ಇದ್ರೆ ಒಪ್ಕೊಳ್ಳಿ, ಇಲ್ದಿದ್ರೆ ಕೆದಕ್ತಾ ಕೂರ್ಬೇಡಿ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟ ಆದಾಗ ಜನ ಬೆಚ್ಚಿಬಿದ್ರು, ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ದೇವರು ಹತ್ರ ಇದಾನೆ ಅನ್ನೋ ಅನುಭವವೇ ಇರಲಿಲ್ಲವಂತೆ, ಆದ್ರೂ ದಿನಾ ಪ್ರಾರ್ಥನೆಗೆ ಕೂತ್ರು, ದಿನಾ ಕೆಲಸಕ್ಕೆ ಹೋದ್ರು. ಒಂದನೇ ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದು ನನ್ನ ಪ್ರಾಣ ತಗೋ ಅಂದಾಗ ದೇವದೂತ ಪ್ರಸಂಗ ಮಾಡ್ಲಿಲ್ಲ, ಬಿಸಿ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎಬ್ಬಿಸಿದ, ಎಲೀಯ ತಿಂದು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಮೆಲ್ಲನೆ ದನಿ ಅವನಿಗೆ ಕೇಳಿದ್ದು ಅದಾಗಿ ನಲವತ್ತು ದಿನ ನಡೆದ ಮೇಲೆ. ಹಾಗಾಗಿ ಮೊದಲು ಸರಿಯಾಗಿ ಊಟ, ನಿದ್ದೆ ಮಾಡಿ. ವಾರಗಟ್ಟಲೆ ಎದ್ದೇಳಕ್ಕೇ ಆಗ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ, ಅದು ನಂಬಿಕೆ ಕಮ್ಮಿ ಅಂತಲ್ಲ.

ದೇವರ ದನಿ ಅಂತ ಗೊತ್ತಾಗೋದು ಹೇಗೆ ಅಂತ ಎಲ್ರೂ ಕೇಳ್ತಾರೆ. ನನಗೆ ಕಿವಿಗೆ ಯಾವತ್ತೂ ಕೇಳಿಲ್ಲ. ಓದಿದ ಮಾತು ಬಿಡದೆ ಹಿಂಬಾಲಿಸುತ್ತೆ, ಅಷ್ಟೇ. ಮನಸ್ಸಿಗೆ ಬಂದಿದ್ದು ಸುವಾರ್ತೆಯಲ್ಲಿ ಕಾಣೋ ಯೇಸುವಿನ ಸ್ವಭಾವಕ್ಕೆ ಹೊಂದುತ್ತಾ ನೋಡಿ, ನಿಮ್ಮನ್ನ ಬಲ್ಲ, ಮುಖಸ್ತುತಿ ಮಾಡದ ಒಬ್ಬ ಹಿರಿಯರ ಹತ್ರ ಹೇಳಿ, ಅವಸರ ಬೇಡ. "ದೇವರು ನಿನ್ನ ಬಗ್ಗೆ ನನಗೆ ಹೇಳಿದಾನೆ, ಇಷ್ಟು ಕಾಣಿಕೆ ಹಾಕು" ಅನ್ನೋರು ಸಿಕ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ. ಆದ್ರೆ ಅಂಥವರಿದಾರೆ ಅಂತ ಸಭೆ ಬಿಡ್ಬೇಡಿ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ಪ್ರಭುಭೋಜನ ಒಬ್ಬರೇ ಕೂತು ತಗೊಳ್ಳೋಕಾಗಲ್ಲ, ಮತ್ತೆ ನಿಮ್ಮ ಬಾಯಲ್ಲಿ ಮಾತೇ ಬರದ ವಾರ ಪಕ್ಕದ ಬೆಂಚಿನ ಆಂಟಿ ಶ್ರುತಿ ತಪ್ಪಿ ಹಾಡೋ ಹಾಡೇ ನಿಮ್ಮ ಪ್ರಾರ್ಥನೆ ಆಗುತ್ತೆ.

ಈಗ ಆ ಹೆಸರು. ನಮ್ಮಣ್ಣ. ಊರಿನ ಸೈಟ್ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ವಿ. ಮತ್ತಾಯ 5:23-24ರಲ್ಲಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಆಗು ಅಂತಿದೆ. ನಾನು ಮನೆಮಾತಲ್ಲಿ ಪ್ರಾರ್ಥನೆ ಶುರು ಮಾಡಿದ ಮೇಲೆ ಕರ್ತನ ಪ್ರಾರ್ಥನೆಯ ಆ "ಕ್ಷಮಿಸು" ಸಾಲು ದಾಟೋಕೇ ಆಗ್ತಿರಲಿಲ್ಲ, ಗ್ರಂಥದ ಕನ್ನಡದಲ್ಲಿ ಆರಾಮಾಗಿ ದಾಟ್ತಿದ್ದೆ. ಒಂದು ಭಾನುವಾರ ಆರಾಧನೆ ಮಧ್ಯೆ ಎದ್ದು ಹೊರಗೆ ಬಂದು, ಬೇವಿನ ಮರದ ಕೆಳಗೆ ನಿಂತು, ಏನೇನು ಹೇಳ್ಬೇಕು ಅಂತ ಮೂರು ಪಾಯಿಂಟ್ ಮನಸ್ಸಲ್ಲಿ ಜೋಡಿಸ್ಕೊಂಡು ಫೋನ್ ಮಾಡಿದೆ. "ಅಣ್ಣಾ, ಆವತ್ತು ನಾನು..." ಅನ್ನೋ ಅಷ್ಟರಲ್ಲಿ ಆ ಕಡೆಯಿಂದ, "ಎಲ್ಲಿದೀಯೋ, ಚರ್ಚಲ್ಲಾ? ತಿಂಡಿ ಆಯ್ತಾ?"